ಶೇವಿಂಗ್ ಸೋಪು ಬೇಗ ಸವೆಯುತ್ತಿದೆಯೇ, ನೊರೆ ನಿಲ್ಲುತ್ತಿಲ್ಲವೇ? ಕರಾವಳಿ ಮತ್ತು ಘಟ್ಟದ ಮನೆಗಳಿಗೊಂದು ದೋಷ ನಿವಾರಣೆ ಕೈಪಿಡಿ

ಎರಡು ದೂರು ಜಾಸ್ತಿ ಕೇಳಿಬರುತ್ತವೆ. "ಶೇವಿಂಗ್ ಸೋಪು ತಿಂಗಳು ತುಂಬುವುದರೊಳಗೆ ಮುಗಿಯುತ್ತದೆ" ಎನ್ನುವುದು ಒಂದು. "ಎಷ್ಟು ತಿಕ್ಕಿದರೂ ನೊರೆ ಏಳುವುದಿಲ್ಲ, ಎದ್ದರೂ ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಇಳಿದುಹೋಗುತ್ತದೆ" ಎನ್ನುವುದು ಇನ್ನೊಂದು. ಬಹಳಷ್ಟು ಮನೆಗಳಲ್ಲಿ ಇವೆರಡೂ ಒಂದೇ ರೋಗ. ನೊರೆ ಸರಿಯಾಗಿ ಬರುವುದಿಲ್ಲ ಅಂತ ಬಿಲ್ಲೆಯ ಮೇಲೆ ಬ್ರಶ್ ಜಾಸ್ತಿ ತಿಕ್ಕುತ್ತೇವೆ. ಜಾಸ್ತಿ ತಿಕ್ಕಿದ ಮೇಲೆ ಸೋಪು ಬೇಗ ಸವೆಯಲೇಬೇಕು. ಆಮೇಲೆ ಸೋಪಿನ ಮೇಲೆ ಸಿಟ್ಟು ಬಂದು ಬೇರೆ ಕಂಪನಿಯದು ತರುತ್ತೇವೆ. ಅದೂ ಹಾಗೇ ಆಗುತ್ತದೆ.

ನನ್ನ ಅಭಿಪ್ರಾಯದಲ್ಲಿ ಸೋಪು ಬದಲಿಸುವುದು ಕೊನೆಯ ಹೆಜ್ಜೆ. ಉತ್ತರ ಕನ್ನಡದಲ್ಲಂತೂ ಮೊದಲು ನೋಡಬೇಕಾದದ್ದು ನೀರು. ಇದೇ ಜಿಲ್ಲೆಯೊಳಗೆ ಶಿರಸಿಯ ಬಾವಿ ನೀರಿಗೂ ಕಡಲಂಚಿನ ಬೇಸಿಗೆಯ ಬಾವಿ ನೀರಿಗೂ ಅಷ್ಟು ವ್ಯತ್ಯಾಸ ಇದೆ. ನೀರು ಸರಿ ಇದ್ದರೆ ಆಮೇಲೆ ಕೈಚಳಕ, ಬ್ರಶ್, ಸೋಪು ಇಡುವ ಜಾಗ ಇವನ್ನು ಒಂದೊಂದಾಗಿ ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನೀರು, ಬ್ರಶ್, ಸೋಪು ಮೂರನ್ನೂ ಒಟ್ಟಿಗೆ ಬದಲಿಸಿದರೆ ದೋಷ ಯಾವುದರಲ್ಲಿತ್ತು ಅಂತ ತಿಳಿಯುವುದೇ ಇಲ್ಲ.

ಇಲ್ಲಿ ಹೇಳುವುದೆಲ್ಲ ಬ್ರಶ್ಶಿನಿಂದ ನೊರೆ ಮಾಡುವ ಗಟ್ಟಿ ಸೋಪಿಗೆ, ಅಂದರೆ ಬಿಲ್ಲೆ ಮತ್ತು ಸ್ಟಿಕ್‌ಗೆ. ಟ್ಯೂಬಿನ ಕ್ರೀಮಿಗೂ ನೀರಿನ ಭಾಗ ಹಾಗೇ ಅನ್ವಯಿಸುತ್ತದೆ.

ಮೊದಲು ತೂಗಿ ನೋಡಿ

ಸೋಪು ನಿಜವಾಗಿ ಬೇಗ ಮುಗಿಯುತ್ತಿದೆಯೇ, ಅಥವಾ ಹಾಗೆ ಅನಿಸುತ್ತಿದೆಯೇ? ಅಂದಾಜು ಸಾಲದು. ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಬಿಲ್ಲೆಯನ್ನು ಚೆನ್ನಾಗಿ ಒಣಗಿಸಿ ತೂಗಿ, ಬರೆದಿಡಿ. ಹತ್ತು ಸಲ ದಾಡಿ ಮಾಡಿಕೊಂಡ ಮೇಲೆ ಮತ್ತೆ ಒಣಗಿಸಿ ತೂಗಿ. ವ್ಯತ್ಯಾಸವನ್ನು ಹತ್ತರಿಂದ ಭಾಗಿಸಿದರೆ ಸಲಕ್ಕೆ ಎಷ್ಟು ಹೋಗುತ್ತಿದೆ ಅಂತ ಗೊತ್ತಾಗುತ್ತದೆ. ಒದ್ದೆ ಬಿಲ್ಲೆ ತೂಗಬೇಡಿ. ಸೋಪು ಹೀರಿದ ನೀರು ಲೆಕ್ಕ ಕೆಡಿಸುತ್ತದೆ.

ಅರ್ಧ ಗ್ರಾಂನಿಂದ ಒಂದೂವರೆ ಗ್ರಾಂ ಒಳಗಿದ್ದರೆ ಚಿಂತೆ ಇಲ್ಲ. ಸಲಕ್ಕೆ 1 ಗ್ರಾಂ ಅಂತ ಹಿಡಿದರೆ 60 ಗ್ರಾಂ ಬಿಲ್ಲೆ 60 ದಾಡಿಗೆ ಬರಬೇಕು. ಎರಡು ಗ್ರಾಂ ದಾಟಿದರೆ ಎಲ್ಲೋ ಪೋಲಾಗುತ್ತಿದೆ ಎಂದೇ ಅರ್ಥ.

ತಕ್ಕಡಿ ಇಲ್ಲದವರಿಗೆ ಇನ್ನೊಂದು ಗುರುತು ಇದೆ. ದಾಡಿ ಮುಗಿದ ಮೇಲೆ ಬಟ್ಟಲಲ್ಲಿ, ಬ್ರಶ್ಶಿನಲ್ಲಿ ಎಷ್ಟು ನೊರೆ ಉಳಿಯುತ್ತದೆ ನೋಡಿ. ಇನ್ನೊಬ್ಬರಿಗೆ ಆಗುವಷ್ಟು ಉಳಿದರೆ ಅರ್ಧ ಸೋಪು ಮೋರಿಗೆ ಹೋಗುತ್ತಿದೆ. ಆಗ ನೀರು, ಬ್ರಶ್ ಅಂತ ಹುಡುಕುವ ಮೊದಲು ಬಿಲ್ಲೆಯ ಮೇಲೆ ತಿಕ್ಕುವ ಹೊತ್ತನ್ನೇ ಅರ್ಧಕ್ಕೆ ಇಳಿಸಿ.

ಬಾಟಲಿ ಪರೀಕ್ಷೆ

ನೀರಿನ ದೋಷ ತಿಳಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಮುಚ್ಚಳ ಇರುವ ಒಂದೇ ಅಳತೆಯ ಎರಡು ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ದಿನಾ ದಾಡಿಗೆ ಬಳಸುವ ನೀರು 100 ಮಿಲಿ ಹಾಕಿ. ಇನ್ನೊಂದಕ್ಕೆ ಮೆದು ನೀರು ಅಷ್ಟೇ ಹಾಕಿ. ಶೋಧಿಸಿದ ಮಳೆ ನೀರು ಆಗುತ್ತದೆ, ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆಗುತ್ತದೆ, ಆರ್‌ಒ ಯಂತ್ರದಿಂದ ಕುಡಿಯಲು ಬರುವ ನೀರೂ ಆಗುತ್ತದೆ. ಎರಡೂ ಉಗುರುಬೆಚ್ಚಗಿರಲಿ. ಸೋಪಿನಿಂದ ಚಾಕುವಿನಲ್ಲಿ ತೆಳ್ಳಗೆ ಕೆರೆದು, ಕಡಲೆಕಾಳಿನಷ್ಟು ಚೂರನ್ನು ಎರಡಕ್ಕೂ ಸಮನಾಗಿ ಹಾಕಿ. ಕರಗಲು ಸ್ವಲ್ಪ ಹೊತ್ತು ಬಿಡಿ. ಆಮೇಲೆ ಎರಡನ್ನೂ ಒಂದೇ ರೀತಿ ಕುಲುಕಿ, ಮೇಜಿನ ಮೇಲಿಟ್ಟು ಐದು ನಿಮಿಷ ನೋಡಿ.

ಎರಡರಲ್ಲೂ ನೊರೆ ಸಮನಾಗಿ ನಿಂತರೆ ನಿಮ್ಮ ನೀರು ಸರಿ ಇದೆ. ಮುಂದಿನ ಮೂರು ಭಾಗ ಬಿಟ್ಟು, "ನೀರು ಸರಿ ಇದ್ದೂ ನೊರೆ ಕೆಟ್ಟರೆ" ಎಂಬ ಭಾಗಕ್ಕೆ ಹೋಗಿ.

ನಿಮ್ಮ ನೀರಿನ ಬಾಟಲಿಯಲ್ಲಿ ನೊರೆ ಕಮ್ಮಿ, ಕೆಳಗಿನ ನೀರು ಹಾಲು ಹಾಲಾಗಿ ಕದಡಿದೆ, ಮೇಲೆ ಬೂದು ಬಣ್ಣದ ಕೆನೆ ತೇಲುತ್ತಿದೆ ಅಂದರೆ ಗಡಸು ನೀರು. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜತೆ ಸೇರಿ ನೀರಿನಲ್ಲಿ ಕರಗದ ಜಿಡ್ಡಾಗಿ ಬಿಡುತ್ತವೆ. ಬಚ್ಚಲ ಕಲ್ಲಿನ ಮೇಲೆ, ಬಕೆಟ್ಟಿನ ಅಂಚಿಗೆ ಕೂರುವ ಜಿಡ್ಡು ಇದೇ.

ಸೋಪಿನ ಚೂರು ಸರಿಯಾಗಿ ಕರಗುವುದೇ ಇಲ್ಲ, ಎದ್ದ ನೊರೆ ನೋಡನೋಡುತ್ತಾ ಇಳಿಯುತ್ತದೆ, ನಾಲಿಗೆಗೆ ಹಚ್ಚಿದರೆ ನೀರು ಉಪ್ಪುಪ್ಪು ಅನಿಸುತ್ತದೆ ಅಂದರೆ ಬಾವಿಗೆ ಸವಳು ಬಂದಿದೆ.

ಸೋಪಿನಿಂದ ನೀರಿನ ಗಡಸುತನ ಅಳೆಯುವುದು ಹೊಸ ಉಪಾಯವೇನಲ್ಲ. 19ನೇ ಶತಮಾನದಲ್ಲಿ ಥಾಮಸ್ ಕ್ಲಾರ್ಕ್ ಎಂಬ ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಇದನ್ನೇ ಲೆಕ್ಕದ ಪರೀಕ್ಷೆಯಾಗಿ ರೂಪಿಸಿದ್ದ. ನೀರಿಗೆ ಅಳತೆಯ ಸೋಪಿನ ದ್ರಾವಣ ಹಾಕಿ, ನೊರೆ ನಿಲ್ಲಲು ಎಷ್ಟು ಬೇಕಾಯಿತು ಅಂತ ನೋಡುವುದು.

ಪ್ರಯೋಗಾಲಯದ ವರದಿ ಕೈಯಲ್ಲಿದ್ದರೆ ಅದರಲ್ಲಿ ಒಟ್ಟು ಗಡಸುತನ ಎಂಬ ಸಾಲು ನೋಡಿ. ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಅದು ಲೀಟರಿಗೆ 60 ಮಿಲಿಗ್ರಾಂ ಒಳಗಿದ್ದರೆ ಮೆದು ನೀರು. 120 ದಾಟಿದರೆ ಗಡಸು, 180 ದಾಟಿದರೆ ಬಹಳ ಗಡಸು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ 200 ಸ್ವೀಕಾರಾರ್ಹ ಮಿತಿ. ಬೇರೆ ನೀರಿನ ಮೂಲ ಇಲ್ಲದಿದ್ದರೆ 600ರ ತನಕ ಒಪ್ಪಬಹುದು. ಅಂದರೆ ಕುಡಿಯಲು ಯೋಗ್ಯ ಅಂತ ಬರೆದ ನೀರೇ ನೊರೆ ಕೊಲ್ಲುವಷ್ಟು ಗಡಸಾಗಿರಬಹುದು. ಇನ್ನೊಂದು ಮಾತು. ಟಿಡಿಎಸ್ ಮೀಟರ್ ಗಡಸುತನ ತೋರಿಸುವುದಿಲ್ಲ. ಕರಗಿದ ಎಲ್ಲ ಲವಣಗಳನ್ನೂ ಒಟ್ಟು ಮಾಡಿ ತೋರಿಸುತ್ತದೆ, ಅಷ್ಟೇ.

ಗಡಸು ನೀರು ಎಷ್ಟು ಸೋಪು ತಿನ್ನುತ್ತದೆ?

ಈ ಲೆಕ್ಕ ಒಮ್ಮೆ ಮಾಡಿ ನೋಡಬೇಕು. ಪರಿಹಾರ ಇದರಲ್ಲೇ ಇದೆ.

ಲೀಟರಿಗೆ 100 ಮಿಲಿಗ್ರಾಂ ಗಡಸುತನ ಇರುವ ಒಂದು ಲೀಟರ್ ನೀರು ಸುಮಾರು 0.6 ಗ್ರಾಂ ಸೋಪನ್ನು ಜಿಡ್ಡು ಮಾಡಿಬಿಡುತ್ತದೆ. 300 ಇದ್ದರೆ ಸುಮಾರು 1.8 ಗ್ರಾಂ. ಇದು ಬಟ್ಟೆ ಒಗೆಯುವಾಗ ದೊಡ್ಡ ನಷ್ಟ. ಆದರೆ ಒಂದು ದಾಡಿಯ ನೊರೆಗೆ ಬೇಕಾಗುವ ನೀರು ಎಷ್ಟು? ಬ್ರಶ್ಶಿನಲ್ಲಿ ಉಳಿದದ್ದು, ಮೇಲಿಂದ ಸೇರಿಸಿದ್ದು ಎಲ್ಲ ಸೇರಿ 30 ಮಿಲಿ ಅಂತ ಇಟ್ಟುಕೊಳ್ಳಿ. 300ರ ಗಡಸು ನೀರಾದರೂ ಅಷ್ಟರಲ್ಲಿ ಹಾಳಾಗುವ ಸೋಪು 0.05 ಗ್ರಾಂ ಚಿಲ್ಲರೆ. ನೀವು ತೆಗೆದ 1 ಗ್ರಾಂನಲ್ಲಿ ನೂರಕ್ಕೆ ಐದಾರು ಭಾಗ.

ಹಾಗಾದರೆ ಉಳಿದದ್ದು ಎಲ್ಲಿಗೆ ಹೋಗುತ್ತದೆ? ಹುಟ್ಟಿದ ಆ ಸ್ವಲ್ಪ ಜಿಡ್ಡು ನೊರೆಯ ಗುಳ್ಳೆಗಳನ್ನು ಒಡೆಯುತ್ತದೆ. ನೊರೆ ಪೇಲವವಾಗಿ ಕಾಣುತ್ತದೆ. ನಾವು ಮತ್ತೆ ಬಿಲ್ಲೆಗೆ ಹೋಗುತ್ತೇವೆ, ಮತ್ತೆ ತಿಕ್ಕುತ್ತೇವೆ. ಸೋಪನ್ನು ಮುಗಿಸುವುದು ಆ ಎರಡನೇ, ಮೂರನೇ ತಿಕ್ಕಾಟ.

ಇದೇ ಲೆಕ್ಕದ ಇನ್ನೊಂದು ಮುಖ ಬಹಳ ಉಪಕಾರದ್ದು. ಸಲಕ್ಕೆ 30 ಮಿಲಿ ಸಾಕು ಅಂದರೆ ಒಂದು ಲೀಟರ್ ಮೆದು ನೀರು ಒಂದು ತಿಂಗಳ ದಾಡಿಗೆ ಸಾಕು. ಇಡೀ ಮನೆಗೆ ನೀರು ಮೆದು ಮಾಡುವ ಯಂತ್ರ ಬೇಡ. ಬಚ್ಚಲ ಗೂಡಿನಲ್ಲಿ ಒಂದು ಬಾಟಲಿ ಸಾಕು.

ಊರಿಂದ ಊರಿಗೆ ನೀರು

ಶಿರಸಿ, ಸಿದ್ದಾಪುರ ಕಡೆ ಚಿರೆಕಲ್ಲಿನಲ್ಲಿ ತೋಡಿದ ತೆರೆದ ಬಾವಿಗಳ ನೀರು ಸಾಮಾನ್ಯವಾಗಿ ಮೆದು. ಮಳೆ ಜಾಸ್ತಿ, ಸುಣ್ಣದಂಶ ಕಮ್ಮಿ. ಅಲ್ಲಿ ನೊರೆಯ ದೂರು ಬಂದರೆ ನಾನು ನೀರನ್ನು ಕೊನೆಗೆ ಸಂಶಯಪಡುತ್ತೇನೆ. ಆದರೆ ಬೋರ್‌ವೆಲ್ ಬೇರೆ ಮಾತು. ಆಳದ ಬಂಡೆಯ ಸಂದಿಯಲ್ಲಿ ವರ್ಷಗಟ್ಟಲೆ ಕೂತ ನೀರು ಖನಿಜ ಹೀರಿಕೊಂಡಿರುತ್ತದೆ. ಒಂದೇ ಅಂಗಳದ ಬಾವಿಗೂ ಬೋರಿಗೂ ನೊರೆಯಲ್ಲಿ ವ್ಯತ್ಯಾಸ ಕಾಣಬಹುದು. ಎರಡನ್ನೂ ಬೇರೆ ಬೇರೆ ಬಾಟಲಿಯಲ್ಲಿ ಪರೀಕ್ಷಿಸಿ.

ಕರಾವಳಿಯಲ್ಲಿ ಋತು ನೋಡಬೇಕು. ಕಾರವಾರದಲ್ಲಿ ಕಾಳಿ, ಅಂಕೋಲೆಯ ಕಡೆ ಗಂಗಾವಳಿ, ಕುಮಟೆಯ ಕಡೆ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ. ನಾಲ್ಕೂ ಹೊಳೆಗಳ ಅಳಿವೆಯೊಳಗೆ ಭರತದ ನೀರು ಏರಿ ಬರುತ್ತದೆ. ಮಳೆಗಾಲದಲ್ಲಿ ಸಿಹಿ ಇದ್ದ ಬಾವಿ ಏಪ್ರಿಲ್, ಮೇ ಹೊತ್ತಿಗೆ ಸವಳಾಗುವುದು ಹೊಳೆದಂಡೆಯವರಿಗೆ, ಗಜನಿ, ಅಂದರೆ ಅಳಿವೆ ಬದಿಯ ಉಪ್ಪುನೀರಿನ ಗದ್ದೆ, ಅದರ ಪಕ್ಕದವರಿಗೆ ಗೊತ್ತಿರುವ ಸಂಗತಿ. ಸಾಣಿಕಟ್ಟೆಯಲ್ಲಿ ಉಪ್ಪು ಬೆಳೆಯುವುದೂ ಅಘನಾಶಿನಿಯ ಅಳಿವೆಯ ನೀರಿನಿಂದಲೇ ಅಲ್ವಾ?

ಸಮುದ್ರದ ನೀರು ನೊರೆಗೆ ಎರಡು ಕಡೆಯಿಂದ ಶತ್ರು. ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. ಅದರಲ್ಲಿ ಅಡುಗೆ ಉಪ್ಪೇ ಜಾಸ್ತಿ. ಉಪ್ಪು ಹೆಚ್ಚಾದರೆ ಸೋಪು ನೀರಿನಲ್ಲಿ ಕರಗಲು ಒಪ್ಪುವುದಿಲ್ಲ, ಬೇರೆಯಾಗಿ ನಿಲ್ಲುತ್ತದೆ. ಸೋಪು ತಯಾರಿಸುವವರು ಕುದಿಯುವ ಪಾಕಕ್ಕೆ ಉಪ್ಪು ಹಾಕಿ ಸೋಪನ್ನು ಬೇರ್ಪಡಿಸುವುದು ಇದೇ ಗುಣ ಬಳಸಿ. ಜತೆಗೆ ಲೀಟರಿಗೆ ಸುಮಾರು 1.3 ಗ್ರಾಂ ಮೆಗ್ನೀಸಿಯಂ, 0.4 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಹಾಗಾಗಿ ಬಾವಿಯ ನೂರು ಕೊಡ ನೀರಿನಲ್ಲಿ ಐದು ಕೊಡ ಸಮುದ್ರದ ನೀರು ಸೇರಿದರೂ ಗಡಸುತನ 300ರ ಹತ್ತಿರ ಹೋಗುತ್ತದೆ. ಬಾಯಿಗೆ ಸ್ವಲ್ಪ ಉಪ್ಪು ಅನಿಸಿದ ನೀರಲ್ಲಿ ನೊರೆ ಪೂರ್ತಿ ಕೈಕೊಡುವುದು ಇದರಿಂದ.

ನಮ್ಮ ಭಾವನ ಮನೆ ಅಂಕೋಲೆಯ ಕಡೆ, ಹೊಳೆಗೆ ಹತ್ತಿರ. ಬೇಸಿಗೆ ರಜೆಯಲ್ಲಿ ಶಿರಸಿಗೆ ಬಂದಾಗ ನಮ್ಮ ಬಚ್ಚಲಲ್ಲಿ ದಾಡಿ ಮಾಡಿಕೊಂಡು, "ನಿಂಗೆ ಒಳ್ಳೆ ಸೋಪು ಸಿಕ್ಕಿದೆ, ನಂಗೂ ಒಂದು ಕೊಡಿಸು" ಅಂದರು. "ಭಾವ, ನೀವು ತಂದದ್ದೂ ಇದೇ ಸೋಪು. ನಿಮ್ಮ ಚೀಲದಲ್ಲೇ ಇದೆ ನೋಡಿ" ಅಂದೆ. ಅವರು ನಂಬಲಿಲ್ಲ. ಮುಂದಿನ ಸಲ ಬರುವಾಗ ಅವರ ಬಾವಿಯ ನೀರನ್ನು ಬಾಟಲಿಯಲ್ಲಿ ತಂದರು. ಎರಡು ಬಾಟಲಿ ಪಕ್ಕಪಕ್ಕ ಇಟ್ಟ ಮೇಲೆ ಮಾತು ಬೇಕಾಗಲಿಲ್ಲ. ಈಗ ಅವರು ಮಳೆ ನೀರು ಹಿಡಿದಿಟ್ಟುಕೊಳ್ಳುತ್ತಾರೆ. ಸೋಪು ಬದಲಿಸಿಲ್ಲ.

ನೀರಿನ ದೋಷಕ್ಕೆ ಏನು ಮಾಡಬೇಕು

ಮಳೆ ನೀರು ಎಲ್ಲಕ್ಕಿಂತ ಒಳ್ಳೆಯದು, ದುಡ್ಡೂ ಇಲ್ಲ. ಜೂನಿನ ಮೊದಲ ಕೆಲವು ಮಳೆ ಬಿಟ್ಟುಬಿಡಿ. ಮಾಡಿನ ಧೂಳು, ಎಲೆ, ಹಕ್ಕಿ ಹಿಕ್ಕೆ ತೊಳೆದುಹೋಗಲಿ. ಆಮೇಲೆ ಹಂಚಿನ ಮಾಡಿನಿಂದ ಇಳಿಯುವ ನೀರನ್ನು ತೊಳೆದ ಪಾತ್ರೆಗೆ ಹಿಡಿದು, ದಪ್ಪ ಬಟ್ಟೆಯಲ್ಲಿ ಶೋಧಿಸಿ, ಒಮ್ಮೆ ಕುದಿಸಿ ಆರಿಸಿ ಬಾಟಲಿಗೆ ತುಂಬಿ. ಬಿಗಿ ಮುಚ್ಚಳ ಇರಬೇಕು. ತೆರೆದಿಟ್ಟರೆ ಸೊಳ್ಳೆ ಮೊಟ್ಟೆ ಇಡುತ್ತದೆ. ವಾಸನೆ ಬಂದ ನೀರು, ಬಣ್ಣ ತಿರುಗಿದ ನೀರು ಮುಖಕ್ಕೆ ಬೇಡ, ಗಿಡಕ್ಕೆ ಹಾಕಿ.

ಮಳೆ ನೀರು ಇಲ್ಲದ ಕಾಲಕ್ಕೆ ಆರ್‌ಒ ನೀರು ಆಗುತ್ತದೆ. ಆದರೆ ಒಂದು ಎಚ್ಚರಿಕೆ. ಕೆಲವು ಮನೆಗಳಲ್ಲಿ ಆರ್‌ಒ ಯಂತ್ರದ ಹೊರಹೋಗುವ ನೀರು ಪೋಲಾಗಬಾರದು ಅಂತ ಬಕೆಟ್ಟಿನಲ್ಲಿ ಹಿಡಿದು ಬಚ್ಚಲಿಗೆ ತರುತ್ತಾರೆ. ನೆಲ ತೊಳೆಯಲು ಅದು ಸರಿ. ದಾಡಿಗೆ ಖಂಡಿತ ಬೇಡ. ಯಂತ್ರ ತೆಗೆದುಹಾಕಿದ ಗಡಸುತನವೆಲ್ಲ ಆ ನೀರಲ್ಲೇ ಸೇರಿರುತ್ತದೆ.

ಕುದಿಸಿದರೆ ಆಗುತ್ತದೆಯೇ? ಅರ್ಧ ಉತ್ತರ ಹೌದು. ಬೈಕಾರ್ಬೊನೇಟ್ ರೂಪದ ಗಡಸುತನ ಕುದಿಸಿದಾಗ ಬಿಳಿ ಪುಡಿಯಾಗಿ ತಳಕ್ಕಿಳಿಯುತ್ತದೆ. ಬಚ್ಚಲ ಹಂಡೆಯ ಒಳಗೆ ಬಿಳಿ ಪೊರೆ ಕಟ್ಟಿದ್ದರೆ ನಿಮ್ಮ ನೀರಲ್ಲಿ ಇದು ಇದೆ. ಅಂಥ ಮನೆಯಲ್ಲಿ ಚೆನ್ನಾಗಿ ಕುದಿಸಿ, ತಣಿಸಿ, ಮೇಲಿನ ತಿಳಿ ನೀರನ್ನು ಮಾತ್ರ ಬಗ್ಗಿಸಿಕೊಳ್ಳಿ. ಹಂಡೆಯಿಂದ ತಂಬಿಗೆ ಮುಳುಗಿಸಿ ತಳ ಕದಡಿದರೆ ಪ್ರಯೋಜನ ಇಲ್ಲ. ಸವಳು ನೀರಿಗೆ ಕುದಿಸುವುದು ಉಪಾಯವೇ ಅಲ್ಲ. ನೀರು ಆವಿಯಾಗಿ ಉಪ್ಪು ಇನ್ನೂ ಗಟ್ಟಿಯಾಗುತ್ತದೆ.

ನೀರಿಗೆ ನಿಂಬೆರಸ ಹಿಂಡಬೇಡಿ. ಹುಳಿ ಸೋಪನ್ನು ಒಡೆದು ಎಣ್ಣೆಯ ಆಮ್ಲವಾಗಿ ಮಾಡುತ್ತದೆ, ಇದ್ದ ನೊರೆಯೂ ಹೋಗುತ್ತದೆ. ಬಟ್ಟೆ ಸೋಡಾ, ಒಲೆ ಬೂದಿಯ ತಿಳಿ ಇವು ನೀರನ್ನು ಮೆದು ಮಾಡುವುದು ನಿಜ. ಆದರೆ ಅವು ಕ್ಷಾರ. ಬ್ಲೇಡು ಹೋದ ಚರ್ಮಕ್ಕೆ ಉರಿ. ಅವು ಬಟ್ಟೆಗೇ ಇರಲಿ.

ನೀರು ಸರಿ ಇದ್ದೂ ನೊರೆ ಕೆಟ್ಟರೆ

ಮೆದು ನೀರಿನಲ್ಲೂ ನೊರೆ ಕೆಡುವುದಕ್ಕೆ ಬಹಳಷ್ಟು ಸಲ ಕಾರಣ ಒಂದೇ. ಸೋಪಿಗೂ ನೀರಿಗೂ ಪ್ರಮಾಣ ತಪ್ಪಿರುತ್ತದೆ. ನೊರೆಯನ್ನು ನೋಡಿದರೆ ಯಾವ ಕಡೆ ತಪ್ಪಿದೆ ಅಂತ ತಿಳಿಯುತ್ತದೆ.

ಬ್ರಶ್ಶಿನಲ್ಲಿ ಬಿಳಿ ಪೇಸ್ಟ್ ಇದೆ, ಮುಖಕ್ಕೆ ಹಚ್ಚಿದರೆ ಎಳೆಯುತ್ತದೆ, ಹೊಳಪಿಲ್ಲ, ಎರಡು ನಿಮಿಷದಲ್ಲಿ ಒಣಗಿ ಬಿರಿಯುತ್ತದೆ. ಇದು ನೀರು ಕಮ್ಮಿ ಆದದ್ದು. ಈ ಸ್ಥಿತಿಯಲ್ಲಿ ಜನ "ನೊರೆ ಬರಲಿಲ್ಲ" ಅಂತ ಮತ್ತೆ ಸೋಪು ತಿಕ್ಕುತ್ತಾರೆ. ಬೇಕಾದದ್ದು ಅರ್ಧ ಚಮಚ ನೀರು ಮಾತ್ರ. ಬೇಗ ಮುಗಿಯುವ ಸೋಪುಗಳಲ್ಲಿ ಹೆಚ್ಚಿನವು ಹೀಗೇ ಮುಗಿಯುತ್ತವೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ದೊಡ್ಡ ದೊಡ್ಡ ಗುಳ್ಳೆ, ಗಾಳಿಯಂಥ ಹಗುರ ನೊರೆ, ಕುತ್ತಿಗೆಗೆ ಇಳಿದು ಹರಿಯುತ್ತದೆ. ಇದು ಸೋಪು ಕಮ್ಮಿ, ನೀರು ಜಾಸ್ತಿ. ಇಲ್ಲಿ ಮಾತ್ರ ಮತ್ತೆ ಬಿಲ್ಲೆಗೆ ಹೋಗಬೇಕು. ಅದಕ್ಕೂ ಮೊದಲು ಬ್ರಶ್ ಹಿಂಡಿ, ನೀರು ತೆಗೆಯಿರಿ.

ಸರಿಯಾದ ನೊರೆ ನೋಡಲು ಗಟ್ಟಿ ಮೊಸರಿನ ಹಾಗೆ ಇರುತ್ತದೆ. ಕಣ್ಣಿಗೆ ಗುಳ್ಳೆ ಕಾಣುವುದಿಲ್ಲ, ಮೇಲೆ ಸಣ್ಣ ಹೊಳಪು ಇರುತ್ತದೆ. ಎರಡು ಬೆರಳ ನಡುವೆ ತಿಕ್ಕಿದರೆ ಜಾರಬೇಕು. ಬ್ಲೇಡಿಗೆ ಬೇಕಾದದ್ದು ಆ ಜಾರುವಿಕೆ. ರಾಶಿ ಎಷ್ಟು ಎತ್ತರ ಬಂತು ಎನ್ನುವುದು ಲೆಕ್ಕಕ್ಕಿಲ್ಲ.

ಕ್ರಮ ಹೀಗೆ. ಬ್ರಶ್ಶನ್ನು ಮೆದು ನೀರಲ್ಲಿ ಅದ್ದಿ, ಹನಿ ಬೀಳದಷ್ಟು ಕೊಡವಿ. ಬಿಲ್ಲೆಯ ಮೇಲೆ ಒಂದು ಚಮಚೆಯ ತುದಿಯಷ್ಟು ನೀರು ಹಾಕಿ ಒಂದು ನಿಮಿಷ ಬಿಟ್ಟಿರಿ, ಮೇಲ್ಮೈ ಮೆದುವಾಗುತ್ತದೆ. ಆಮೇಲೆ 20 ಸೆಕೆಂಡು ಹಗುರವಾಗಿ ತಿರುಗಿಸಿ. ಬ್ರಶ್ಶಿನ ತುದಿಗೆ ದಪ್ಪ ಪೇಸ್ಟ್ ಹಿಡಿದರೆ ಸಾಕು. ಬಿಲ್ಲೆಯ ಮೇಲೇ ಗುಳ್ಳೆ ಏಳುತ್ತಿದ್ದರೆ ಬ್ರಶ್ ಒದ್ದೆ ಜಾಸ್ತಿ, ಇನ್ನೊಮ್ಮೆ ಕೊಡವಿ. ನೊರೆ ಮಾಡುವ ಜಾಗ ಬಿಲ್ಲೆ ಅಲ್ಲ, ಬಟ್ಟಲು ಅಥವಾ ಮುಖ. ಅಲ್ಲಿ ಬ್ರಶ್ ಆಡಿಸುತ್ತಾ ಅರ್ಧ ಚಮಚ ನೀರು ಹಾಕಿ, ಅದು ಪೂರ್ತಿ ಸೇರಿದ ಮೇಲೆ ಇನ್ನರ್ಧ, ಆಮೇಲೆ ಮತ್ತೆ ಸ್ವಲ್ಪ. ಅವಸರ ಬೇಡ. ಮೊದಲ ಅರ್ಧ ನಿಮಿಷ ಏನೂ ಆಗದ ಹಾಗೆ ಕಾಣುತ್ತದೆ. ಒಂದು ನಿಮಿಷ ದಾಟಿದ ಮೇಲೆ ಇದ್ದಕ್ಕಿದ್ದಂತೆ ಹೊಳಪು ಬರುತ್ತದೆ. ಆ ಹೊಳಪು ಬಂದಾಗ ನೀರು ನಿಲ್ಲಿಸಿ.

ಒಂದೇ ಸಲ ತೆಗೆದ ಸೋಪು ಎರಡು ಸುತ್ತಿನ ದಾಡಿಗೆ ಸಾಕು. ಎರಡನೇ ಸುತ್ತಿಗೆ ಬ್ರಶ್ಶಿನ ಬುಡವನ್ನು ಬೆರಳಲ್ಲಿ ಒತ್ತಿ ನೋಡಿ. ಒಳಗೆ ಬೇಕಾದಷ್ಟು ನೊರೆ ಅಡಗಿರುತ್ತದೆ.

ಬಟ್ಟಲಲ್ಲಿ ನೊರೆ ಚೆನ್ನಾಗಿದೆ, ಮುಖಕ್ಕೆ ಹಚ್ಚಿದ ಕೂಡಲೇ ಸಾಯುತ್ತದೆ ಅಂದರೆ ಮುಖದ ಮೇಲೆ ಏನಿದೆ ನೋಡಿ. ನಮ್ಮ ಕಡೆ ಸ್ನಾನಕ್ಕೆ ಮೊದಲು ತಲೆಗೆ, ಮೈಗೆ ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ಇದೆ. ದಾಡಿ ಗಡುಸಾಗಿದೆ ಅಂತ ಕೆಲವರು ಗಲ್ಲಕ್ಕೂ ಸವರುತ್ತಾರೆ. ಎಣ್ಣೆ ಗುಳ್ಳೆಗಳನ್ನು ಒಡೆಯುತ್ತದೆ. ಎಣ್ಣೆ ತೊಳೆದ ಮೇಲೆಯೇ ಬ್ರಶ್ ಮುಟ್ಟಿಸಿ, ಸಾಧ್ಯವಾದರೆ ಸ್ನಾನ ಮುಗಿಸಿ ದಾಡಿ ಮಾಡಿಕೊಳ್ಳಿ. ಕೂದಲೂ ಮೆತ್ತಗಾಗಿರುತ್ತದೆ. ಇನ್ನೊಂದು, ಸವಳು ನೀರಿಂದ ತೊಯ್ದ ಮುಖಕ್ಕೆ ಮೆದು ನೀರಿನ ನೊರೆ ಹಚ್ಚಿದರೂ ಅದು ಇಳಿಯುತ್ತದೆ. ಹಚ್ಚುವ ಮೊದಲು ಬಾಟಲಿಯ ನೀರನ್ನೇ ಒಂದು ಬೊಗಸೆ ಮುಖಕ್ಕೆ ಸವರಿ. ಫ್ಯಾನ್ ಕೆಳಗೆ ಕೂತಿದ್ದರೆ ಫ್ಯಾನ್ ನಿಲ್ಲಿಸಿ.

ಬ್ರಶ್

ಸಿಂಥೆಟಿಕ್ ಬ್ರಶ್ ನೀರು ಹೀರುವುದಿಲ್ಲ, ಅದ್ದಿ ಕೊಡವಿದರೆ ತಯಾರು. ಕಮ್ಮಿ ಸೋಪಲ್ಲಿ ನೊರೆ ಮಾಡಬೇಕಾದರೆ ಇದೇ ಒಳ್ಳೆಯದು. ಹಂದಿ ಕೂದಲಿನದು ನೀರು ಹೀರುತ್ತದೆ. ಅದನ್ನು ಒಂದೆರಡು ನಿಮಿಷ ನೆನೆಸಿಡಬೇಕು. ಇಲ್ಲದಿದ್ದರೆ ನೊರೆಯ ನೀರನ್ನೇ ಅದು ಕುಡಿದು, ನೊರೆ ಒಣಗಿಸುತ್ತದೆ. ಹೊಸ ಹಂದಿ ಕೂದಲಿನ ಬ್ರಶ್ ಮೊದಮೊದಲು ನೊರೆ ಕೊಡುವುದೇ ಕಮ್ಮಿ. ಕೂದಲ ತುದಿ ಸೀಳಿ ಮೆತ್ತಗಾದ ಮೇಲೆ ಸರಿಹೋಗುತ್ತದೆ. ಬಹಳ ದಪ್ಪ ಕುಚ್ಚಿನ ಬ್ರಶ್ ಸೋಪನ್ನು ಬುಡದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಮನೆ ಬಳಕೆಗೆ ನಡುಗಾತ್ರದ್ದು ಸಾಕು.

ಗಡಸು ನೀರಲ್ಲಿ ಬಹುಕಾಲ ಬಳಸಿದ ಬ್ರಶ್ ಆದರೆ ನೀರು ಬದಲಿಸಿದ ಮೇಲೂ ನೊರೆ ಏಳದಿರಬಹುದು. ಬುಡದಲ್ಲಿ ಹಳೆಯ ಜಿಡ್ಡು ಕೂತಿರುತ್ತದೆ. ಕೂದಲು ಬಿರುಸಾಗಿ, ಬುಡ ಬೂದುಬಿಳಿಯಾಗಿ ಕಾಣುತ್ತದೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕಿ, ಐದು ನಿಮಿಷ ಕೂದಲನ್ನು ಮಾತ್ರ ಮುಳುಗಿಸಿ ಆಡಿಸಿ. ಆಮೇಲೆ ಎರಡು ಹನಿ ಶಾಂಪೂ ಹಾಕಿ ತೊಳೆಯಿರಿ. ವಿನೆಗರ್ ಸುಣ್ಣದಂಶ ಬಿಡಿಸುತ್ತದೆ, ಉಳಿದ ಜಿಡ್ಡನ್ನು ಶಾಂಪೂ ತೆಗೆಯುತ್ತದೆ. ವಿನೆಗರ್ ವಾಸನೆ ಹೋಗುವ ತನಕ ತೊಳೆಯದಿದ್ದರೆ ಮರುದಿನದ ನೊರೆಯನ್ನು ಹುಳಿಯೇ ಕೆಡಿಸುತ್ತದೆ.

ಮಳೆಗಾಲದಲ್ಲಿ ಸೋಪು ಬೆವರುವುದು

ಜುಲೈಯಲ್ಲಿ ಕರಾವಳಿಯ ಗಾಳಿಯ ತೇವಾಂಶ ಶೇಕಡಾ 85, 90 ಇರುವುದು ಮಾಮೂಲು. ಶೇವಿಂಗ್ ಸೋಪಿನಲ್ಲಿ ಗ್ಲಿಸರಿನ್ ಇರುತ್ತದೆ. ಗ್ಲಿಸರಿನ್ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಜತೆಗೆ ಈ ಸೋಪು ಮಾಡಲು ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಷಾರವನ್ನೂ ಬಳಸುತ್ತಾರೆ. ಅದರಿಂದ ಸ್ನಾನದ ಸೋಪಿಗಿಂತ ಇದು ಬೇಗ ಕರಗುತ್ತದೆ, ಬೇಗ ನೊರೆ ಕೊಡುತ್ತದೆ. ಬೇಸಿಗೆಯಲ್ಲಿ ಗುಣ ಆದದ್ದೇ ಮಳೆಗಾಲದಲ್ಲಿ ತೊಂದರೆ. ಬಿಲ್ಲೆಯ ಮೇಲೆ ಹನಿ ಕಟ್ಟುತ್ತದೆ, ತಳ ಲೋಳೆಯಾಗುತ್ತದೆ, ಆ ಲೋಳೆ ಡಬ್ಬಿಗೆ ಅಂಟಿ ವ್ಯರ್ಥವಾಗುತ್ತದೆ. ಇದು ನಿಮ್ಮ ದೋಷವೇ ಅಂತ ತಿಳಿಯಲು ಬಿಲ್ಲೆ ಎತ್ತಿ ತಳ ನೋಡಿ. ಮೇಲ್ಭಾಗಕ್ಕಿಂತ ತಳವೇ ಜಾಸ್ತಿ ಸವೆದಿದ್ದರೆ ಸೋಪನ್ನು ತಿನ್ನುತ್ತಿರುವುದು ಬ್ರಶ್ ಅಲ್ಲ, ನಿಂತ ನೀರು.

ಪ್ಲಾಸ್ಟಿಕ್ ಸೋಪು ಪೆಟ್ಟಿಗೆಗಿಂತ ತೆಂಗಿನ ಕರಟ ಒಳ್ಳೆಯದು. ಕಣ್ಣು ಚುಚ್ಚಿದ ಅರ್ಧ ಕರಟದ ಒಳಗೆ ಒಂದು ಹಿಡಿ ತೆಂಗಿನ ನಾರು ಹಾಸಿ, ಅದರ ಮೇಲೆ ಬಿಲ್ಲೆ ಇಡಿ. ನೀರು ಕಣ್ಣಿನಿಂದ ಇಳಿದುಹೋಗುತ್ತದೆ, ಕೆಳಗಿಂದ ಗಾಳಿ ಆಡುತ್ತದೆ. ನಾರನ್ನು ಆಗಾಗ ಬದಲಿಸಿ, ಬೂಷ್ಟು ಹಿಡಿಯುತ್ತದೆ. ಬಚ್ಚಲಲ್ಲಿ ಇಡಬೇಡಿ. ಬಿಸಿನೀರಿನ ಆವಿಯಲ್ಲಿ ಯಾವ ಸೋಪೂ ಒಣಗುವುದಿಲ್ಲ. ಒಲೆ ಉರಿಯುವ ಮನೆಯಾದರೆ ಒಲೆಯಿಂದ ಎರಡು ಮೊಳ ದೂರದ ಗೂಡು ಬಹಳ ಚೆನ್ನ. ಇಲ್ಲದಿದ್ದರೆ ಫ್ಯಾನ್ ಇರುವ ಕೋಣೆ. ಒಣಗಿದ ಮೇಲೆ ಬಿಗಿ ಡಬ್ಬಿಗೆ ಹಾಕಿ. ಒದ್ದೆ ಬಿಲ್ಲೆಯನ್ನು ಡಬ್ಬಿಯಲ್ಲಿ ಮುಚ್ಚಿದರೆ ಒಳಗೇ ಬೆವರುತ್ತದೆ. ಬ್ರಶ್ಶನ್ನು ಹಿಂಡಿ, ಕೊಡವಿ, ಗಾಳಿಗೆ ಇಡಿ.

ದಾಡಿ ಮುಗಿದ ಮೇಲೆ ಬಿಲ್ಲೆಯ ಮೇಲಿನ ಪೇಸ್ಟನ್ನು ನಲ್ಲಿ ಕೆಳಗೆ ಹಿಡಿದು ತೊಳೆಯುವ ಅಭ್ಯಾಸ ಕೆಲವರಿಗಿದೆ. ಅದು ಸೋಪೇ. ಬ್ರಶ್ಶಿನಲ್ಲಿ ಒರೆಸಿಕೊಳ್ಳಿ, ಉಳಿದದ್ದು ಅಲ್ಲೇ ಒಣಗಲಿ.

ಮಳೆಗಾಲಕ್ಕೆ ನನಗೆ ಎಲ್ಲಕ್ಕಿಂತ ಹಿಡಿಸಿದ ಉಪಾಯ ತುರಿಯುವುದು. ಬಿಲ್ಲೆಯನ್ನು ಎರಡು ಹೋಳು ಮಾಡಿ. ಒಂದನ್ನು ಕಾಗದದಲ್ಲಿ ಸುತ್ತಿ ಒಣ ಕಪಾಟಿನಲ್ಲಿಡಿ. ಇನ್ನೊಂದನ್ನು ತುರಿಮಣೆಯಲ್ಲಿ ಸಣ್ಣಗೆ ತುರಿದು ಬಿಗಿ ಡಬ್ಬಿಗೆ ಹಾಕಿ. ಪ್ರತಿಸಲ ಒಂದು ಚಿಟಿಕೆ ಜಾಸ್ತಿ, ಅಂದಾಜು 1 ಗ್ರಾಂ, ಬಟ್ಟಲಿಗೆ ಹಾಕಿ, ನಾಲ್ಕು ಹನಿ ಬಿಸಿನೀರು ಬಿಟ್ಟು, ಮೆದುವಾದ ಮೇಲೆ ಬ್ರಶ್ ಆಡಿಸಿ. ಬಿಲ್ಲೆಗೆ ನೀರೇ ತಾಗುವುದಿಲ್ಲ. ಎಷ್ಟು ಸೋಪು ಹೋಗಬೇಕು ಎನ್ನುವುದು ನಿಮ್ಮ ಬೆರಳಲ್ಲಿ ಇರುತ್ತದೆ.

ಕೊನೆಗೆ ಸೋಪು

ಇಷ್ಟೆಲ್ಲ ನೋಡಿದ ಮೇಲೂ ಮೆದು ನೀರಲ್ಲಿ ನೊರೆ ನಿಲ್ಲದಿದ್ದರೆ ಸೋಪನ್ನು ದೂರಬಹುದು. ಮೊದಲು ಅದು ಶೇವಿಂಗ್ ಸೋಪೇ ಹೌದೇ ನೋಡಿ. ಸ್ನಾನದ ಸೋಪು ನೊರೆ ಬೇಕಾದಷ್ಟು ಕೊಡುತ್ತದೆ, ಆದರೆ ಅದು ತೊಳೆಯಲು ಮಾಡಿದ ನೊರೆ, ಮುಖದ ಮೇಲೆ ನಿಲ್ಲುವುದಿಲ್ಲ. ಲೇಬಲ್ ಮೇಲೆ ಟಿಎಫ್‌ಎಂ 76 ಅಂತ ಇದ್ದರೂ ಅಷ್ಟೇ. ಆ ಸಂಖ್ಯೆ ಒಟ್ಟು ಕೊಬ್ಬಿನಂಶ ಎಷ್ಟು ಅಂತ ಹೇಳುತ್ತದೆ, ಯಾವ ಕೊಬ್ಬು ಅಂತ ಹೇಳುವುದಿಲ್ಲ. ಶೇವಿಂಗ್ ಸೋಪಿನಲ್ಲಿ ಸ್ಟಿಯರಿಕ್ ಆಮ್ಲ ಜಾಸ್ತಿ ಇರಬೇಕು. ದಟ್ಟವಾಗಿ ಬಹಳ ಹೊತ್ತು ನಿಲ್ಲುವ ನೊರೆ ಅದರಿಂದ. ತೆಂಗಿನ ಎಣ್ಣೆಯ ಭಾಗ ಬೇಗ ಗುಳ್ಳೆ ಎಬ್ಬಿಸುತ್ತದೆ, ಬೇಗ ಇಳಿಯುತ್ತದೆ. ಹೊಸದು ಕೊಳ್ಳುವಾಗ ಲೇಬಲ್ ಓದಿ. ಸ್ಟಿಯರಿಕ್ ಆಮ್ಲದ ಹೆಸರು ಮೊದಮೊದಲೇ ಇರಲಿ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಕೂಡ ಇದ್ದರೆ ಒಳ್ಳೆಯದು. ಗಡಸು ನೀರಿನ ಊರಾದರೆ ಇಡಿಟಿಎ ಅಂತ ಇದೆಯೇ ನೋಡಿ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟು ಸೋಪಿನ ತಂಟೆಗೆ ಬಿಡುವುದಿಲ್ಲ.

ಹಳೆಯ ಬಿಲ್ಲೆ ತೆಳ್ಳಗಾಗಿ ಬ್ರಶ್ಶಿಗೆ ಸಿಗದಂತಾದರೆ ಎಸೆಯಬೇಡಿ. ಅದನ್ನೂ ಹೊಸ ಬಿಲ್ಲೆಯ ಮೇಲ್ಮೈಯನ್ನೂ ಬಿಸಿನೀರಲ್ಲಿ ಸ್ವಲ್ಪ ಒದ್ದೆ ಮಾಡಿ, ಒಂದರ ಮೇಲೊಂದು ಒತ್ತಿ, ಎರಡು ದಿನ ಮುಟ್ಟದೆ ಒಣಗಲು ಬಿಡಿ. ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಇದು ಸರಿಯಾಗಿ ಅಂಟುವುದಿಲ್ಲ, ಆಗ ತುರಿದು ಡಬ್ಬಿಗೆ ಸೇರಿಸಿ.